ಮೂರನೇ ಕೋಣೆಯ ಬಿತ್ತನೆ

ಸೆಪ್ಟೆಂಬರ್ 2, ಬೆಳಿಗ್ಗೆ

ನಮ್ಮ ಕೋಲ್ಡ್ ಸ್ಟೋರೇಜಿನ ಒಂದನೇ ಕೋಣೆ ಮೂರು ಡಿಗ್ರಿ. ಎರಡನೆಯದು ಖಾಲಿ. ಮೂರನೆಯದು ಒಂಬತ್ತು. ಕಂಪ್ರೆಸರ್ ಎಂದಿನಂತೆ ಗೊಣಗುತ್ತಿದೆ. ಅದು ಗೊಣಗುವುದನ್ನು ನಿಲ್ಲಿಸಿದ ದಿನ ನಾವು ಅಳಬೇಕು.

ಗಡ್ಡೆ ದರ ಮತ್ತೆ ಏರಿದೆ. ಹೋದ ವರ್ಷ ಇದೇ ಆಲೂಗಡ್ಡೆಯನ್ನು ರಸ್ತೆ ಬದಿಯಲ್ಲಿ ಸುರಿದು ಹೋದರು, ಮೂಸಿ ನೋಡುವವರಿರಲಿಲ್ಲ. ಆ ಸಿಟ್ಟಿಗೆ ಈ ವರ್ಷ ಅರ್ಧ ದೇಶ ಗಡ್ಡೆ ಹಾಕಲೇ ಇಲ್ಲ. ಈಗ ನೋಡು — ಅದೇ ಗಡ್ಡೆ ಕಿರೀಟ ಧರಿಸಿ ಸಿಂಹಾಸನದಲ್ಲಿ ಕೂತಿದೆ, ಮಂತ್ರಿಗಳು ಅದರ ಮುಂದೆ ಕೈಕಟ್ಟಿ ನಿಂತಿದ್ದಾರೆ. ಅಕ್ಟೋಬರ್ ನಡುವಿಗೆ ಹೊರದೇಶದ ಹಡಗುಗಳು ಬರುತ್ತವಂತೆ, ತಿನ್ನುವ ಗಡ್ಡೆ ತುಂಬಿಕೊಂಡು. ಅಲ್ಲಿಯವರೆಗೆ ದರ ಇಳಿಯದು. ಬಿತ್ತನೆ ಗಡ್ಡೆಯ ಹಡಗು ಮಾತ್ರ ಬರುವುದೇ ಇಲ್ಲ. ಅಲ್ಲಿಯ ಬೀಜಕ್ಕೆ ರೋಗ, ಬಂದರಿನಲ್ಲೇ ತಡೆದರು.

ಹಾಗಾಗಿ ನಮ್ಮ ಒಂದನೇ ಕೋಣೆಯಲ್ಲಿ ಮಲಗಿರುವುದು ಬರೀ ಗಡ್ಡೆಯಲ್ಲ. ಬೆಳೆಗಾರರ ಸೊಸೈಟಿಯ ಬಿತ್ತನೆ. ಈ ಬಯಲಿನ ಮುಂದಿನ ಬೆಳೆ ಇಡೀ ಅಲ್ಲಿ ನಿದ್ದೆ ಹೊಡೆಯುತ್ತಿದೆ, ಕೆಂಪು ದಾರದಲ್ಲಿ ಚೀಲದ ಬಾಯಿ ಹೊಲಿಸಿಕೊಂಡು. ಅಕ್ಟೋಬರ್ 4ಕ್ಕೆ ಹಂಚಿಕೆ.

ನಾಳೆ ನಗರಕ್ಕೆ. ಚಿಪ್ಸ್ ಫ್ಯಾಕ್ಟರಿಯವರ ಜೊತೆ ಮೀಟಿಂಗ್, ಒಂದೆರಡು ದಿನದಲ್ಲಿ ಮುಗಿಯುವಂಥದ್ದಲ್ಲ. ಕೀಲಿ ಗೊಂಚಲು ಅಣ್ಣನ ಕೈಗೆ. ಸ್ಟೋರೇಜ್ ಅವನದೇ, ಆದರೂ ಕೊಡುವಾಗ ಮಗುವನ್ನು ಕೊಟ್ಟ ಹಾಗೆ ಕೊಟ್ಟೆ. "ಹೋಗ್ ಬಾರೇ, ನಾನೇನು ಗಡ್ಡೆ ನೋಡದವನಾ," ಎಂದ.

ಸೆಪ್ಟೆಂಬರ್ 8, ಸಂಜೆ

ಬಂದೆ. ಫ್ಯಾಕ್ಟರಿಯವರದು ಒಂದೇ ಪಲ್ಲವಿ — ಒಂದು ಮೊಳಕೆ ಕಂಡರೂ ಲಾರಿ ವಾಪಸ್. ಅವರ ಗಡ್ಡೆ ಇರುವುದು ಮೂರನೇ ಕೋಣೆಯಲ್ಲಿ. ತೀರಾ ತಂಪಿಗೆ ಇಟ್ಟರೆ ಗಡ್ಡೆ ಸಿಹಿಯಾಗುತ್ತದೆ, ಕರಿದಾಗ ಚಿಪ್ಸ್ ಕಪ್ಪಾಗುತ್ತದೆ. ಬೆಚ್ಚಗಿಟ್ಟರೆ ಮೊಳೆಯುತ್ತದೆ. ಅದಕ್ಕೇ ಔಷಧಿ ಹೊಗೆ. ಹೊಗೆ ಕುಡಿದ ಗಡ್ಡೆ ತಿನ್ನಲು ಗಟ್ಟಿಮುಟ್ಟು, ಆದರೆ ಮತ್ತೆಂದೂ ಕಣ್ಣು ತೆರೆಯುವುದಿಲ್ಲ. ಪರದೆ ಬಿದ್ದ ಮೇಲೆ ಏಳದ ಪಾತ್ರ.

ಬಸ್ಸಿಳಿದವಳೇ ಹೊಗೆ ಮಿಸ್ತ್ರಿಗೆ ಫೋನ್. ಅವನನ್ನು ಧೂಮಕೇತು ಎನ್ನುತ್ತೇವೆ, ಎದುರಿಗೇ. ಮಷೀನ್ ಹೊತ್ತು ಬಂದ.

"ಅಕ್ಕಾ, ಎಂದಿನ ಹಾಗೆ ಮೂರನೇದಕ್ಕೇ ತಾನೆ?"

"ಮೂರನೇದಕ್ಕೇ."

"ಮುಂದಿನ ಸಾಲೆಲ್ಲ ಬಿಳಿ ದಾರ, ತಿನ್ನೋ ಗಡ್ಡೆನೇ. ಶುರು ಮಾಡ್ಲಾ?"

"ಮಾಡಪ್ಪ."

ಅಣ್ಣ ಮಾರುಕಟ್ಟೆಗೆ ಹೋಗಿದ್ದ. ಬಾಗಿಲಿಗೆ ಸೀಲ್ ಹಾಕಿ ಮನೆಗೆ ಬಂದೆ. ಕಾಲು ಬಾವು. ನಿದ್ದೆ ಬೇಕು.

ಸೆಪ್ಟೆಂಬರ್ 11, ಮಧ್ಯಾಹ್ನ

ಒಂದನೇ ಕೋಣೆಯ ಮೀಟರ್ ಹದಿನೆಂಟು ತೋರಿಸಿತು. ಮೀಟರ್ ಕೆಟ್ಟಿದೆ ಎಂದುಕೊಂಡೆ. ಬಾಗಿಲು ತೆರೆದೆ.

ಖಾಲಿ. ಗುಡಿಸಿಟ್ಟ ನೆಲ.

ಆಫೀಸಿನಲ್ಲಿ ಅಣ್ಣ ಕಾಫಿ ಕುಡಿಯುತ್ತಿದ್ದ.

"ಸೊಸೈಟಿ ಬಿತ್ತನೆ ಎಲ್ಲಿ?"

"ಮೂರರಲ್ಲಿ. ಹಿಂದಿನ ಸಾಲಿಗೆ ಜೋಡಿಸಿದೆ. ಕರೆಂಟ್ ರೇಟ್ ನೋಡಿದ್ಯಾ ನೀನು? ಒಂದು ಕೋಣೆಗೋಸ್ಕರ ಇಡೀ ಮಷೀನ್ ಓಡಿಸ್ಬೇಕಾ? ಹೆಂಗೂ ಬಿತ್ತೋಕೆ ಮುಂಚೆ ಸ್ವಲ್ಪ ಬೆಚ್ಚಗಾಗ್ಬೇಕು ಅಂತ ನೀನೇ ಹೇಳ್ತಿರ್ತೀಯ."

"ಬಾಗಿಲ ಮೇಲೆ ಬರೀಲಿಲ್ಲ ಯಾಕೆ?"

ಸೀಸನ್ ಕೊನೆಗೆ ಕೋಣೆ ಕೂಡಿಸುವುದು ನಮ್ಮ ವಾಡಿಕೆಯೇ. ಆದರೆ ಯಾವುದು ಎಲ್ಲಿಗೆ ಹೋಯಿತು ಎಂದು ಆ ಕ್ಷಣವೇ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಅಪ್ಪನ ಕಾಲದಿಂದ ಕಾನೂನು. ಸುಣ್ಣ ನೋಡದೆ ಹೊಗೆ ಹಾಕಬಾರದು — ಅದೂ ಕಾನೂನೇ. ಬಾಗಿಲು ಬರಿದಾಗಿತ್ತು. ಬರಿದಾಗಿದೆ ಎಂದರೆ ಏನೂ ಬದಲಾಗಿಲ್ಲ ಎಂದು ಓದಿಕೊಂಡೆ.

"ನೀನು ಬಂದ ಮೇಲೆ ಬಾಯಲ್ಲೇ ಹೇಳೋಣ ಅಂತಿದ್ದೆ ಕಣೇ. ಏನೀಗ?"

"ಹೊಗೆ ಹಾಕಿಸಿಬಿಟ್ಟೆ, ಅಣ್ಣ."

ಲೋಟ ಕೆಳಗಿಡಲು ಮೇಜು ಹುಡುಕಿದ. ಮೇಜು ಅವನ ಮುಂದೆಯೇ ಇತ್ತು.

ಸೆಪ್ಟೆಂಬರ್ 12

ಹಿಂದಿನ ಸಾಲಿನ ಚೀಲ ಬಿಚ್ಚಿಸಿ ಗಡ್ಡೆ ತಂದೆ. ಮೇಲಿನಿಂದ ಕೆಲವು, ಅಡಿಯಿಂದ ಕೆಲವು, ಗೋಡೆಗೆ ಒತ್ತಿದ ಮೂಲೆಯಿಂದ ಕೆಲವು. ಅಣ್ಣನಿಗೆ ನಂಬಿಕೆ — ಹೊಗೆ ಅಷ್ಟು ಒಳಗೆ ಹೋಗಿರುವುದಿಲ್ಲ.

ಪುಣ್ಯಕ್ಕೆ ಹೋಲಿಸಿ ನೋಡಲು ಜೋಡಿ ಇದೆ. ಕೋಣೆ ಕೂಡಿಸಿದ ದಿನ ಅತ್ತಿಗೆ ಹಿತ್ತಲಿಗೆಂದು ಅದೇ ಬಿತ್ತನೆಯ ಒಂದು ಬುಟ್ಟಿ ಮನೆಗೆ ಒಯ್ದಿದ್ದರು. ಹೊಗೆ ಕಾಣದ ಗಡ್ಡೆ. ಎರಡು ತಟ್ಟೆ, ಅಡುಗೆಮನೆಯ ಕಿಟಕಿಯಲ್ಲಿ ಪಕ್ಕಪಕ್ಕ. ಒಂದು ಅತ್ತಿಗೆಯದು. ಒಂದು ನನ್ನದು.

ಅತ್ತಿಗೆ ಬಟ್ಟೆ ಹಾಸಿ ಕೊಟ್ಟರು. "ಇಷ್ಟು ಉಪಚಾರ ನನ್ನ ಬಾಣಂತನದಲ್ಲೂ ಆಗಿರ್ಲಿಲ್ಲ," ಎಂದರು. ಯಾಕೆಂದು ಕೇಳಲಿಲ್ಲ. ನಾವೂ ಹೇಳಲಿಲ್ಲ.

ಸೆಪ್ಟೆಂಬರ್ 15, ಸಂಜೆ

ರಂಗಪ್ರವೇಶ: ಸೊಸೈಟಿಯ ಅಧ್ಯಕ್ಷಮ್ಮ. ಚಪ್ಪಲಿಗೆ ಮೆತ್ತಿದ್ದ ಹೊಲದ ಮಣ್ಣನ್ನು ಮೆಟ್ಟಿಲಿಗೆ ಉಜ್ಜಿ ಒಳಗೆ ಬಂದರು. ಕೂರಲಿಲ್ಲ.

"ಸುಮ್ನೆ ನಮ್ಮ ಗಡ್ಡೆ ಮುಖ ನೋಡ್ಕೊಂಡು ಹೋಗೋಣ ಅಂತ ಬಂದೆ."

ಅಣ್ಣ ನನಗಿಂತ ಮೊದಲು ಬಾಯಿ ತೆರೆದ. "ಈಗ ಬಾಗಿಲು ತೆಗೆದ್ರೆ ಟೆಂಪರೇಚರ್ ಏರುಪೇರಾಗುತ್ತಮ್ಮ. ಹಂಚೋ ದಿನ ಕಣ್ತುಂಬ ನೋಡಿ."

"ಸರಿ ಬಿಡಿ. ಉತ್ತರದ ಸ್ಟೋರೇಜಿನವರು ಫೋನ್ ಮಾಡಿದ್ರು. ಅವರ ಹತ್ರ ಒಂದಷ್ಟು ಬಿತ್ತನೆ ಉಳಿದಿದೆಯಂತೆ. ಬೇಕಾ ಅಂದ್ರು. ನಮ್ದೇ ಕೋಣೆ ತುಂಬ ಇದೆಯಲ್ಲ, ಬೇಡ ಅಂದ್ಬಿಟ್ಟೆ." ನನ್ನ ಕಡೆ ತಿರುಗಿದರು. "ಸರಿ ತಾನೇನಮ್ಮ? ಎಲ್ರೂ ಉತ್ತು ಕೂತಿದ್ದಾರೆ, ಅದಕ್ಕೇ ಕೇಳಿದೆ."

ನನ್ನ ಗಂಟಲು ಊರಿಗೇ ಗೊತ್ತು. ಅಪ್ಪನ ನಾಟಕ ಕಂಪನಿಯಲ್ಲಿ ಮೈಕ್ ಇಲ್ಲದೆ ಕೊನೆಯ ಬೆಂಚಿಗೆ ಮುಟ್ಟಿಸಿದ ಗಂಟಲು. ಅದರಿಂದ ಹೊರಟದ್ದು ಒಂದು ಹೂಂ.

ಸೆಪ್ಟೆಂಬರ್ 21, ಬೆಳಿಗ್ಗೆ

ಅತ್ತಿಗೆಯ ತಟ್ಟೆಯಲ್ಲಿ ಮೊದಲ ಮೊಳಕೆ. ನೇರಳೆ ಮೂತಿ, ಅಕ್ಕಿಕಾಳಿನಷ್ಟು. ಪಕ್ಕದ ಗಡ್ಡೆಯಲ್ಲೂ ಒಂದು. ಅದರ ಪಕ್ಕದಲ್ಲಿ ಎರಡು.

ನನ್ನ ತಟ್ಟೆ — ಕಲ್ಲು.

"ಒಂದೊಂದು ನಿಧಾನ ಆಗುತ್ತೆ," ಎಂದ ಅಣ್ಣ. ಮಧ್ಯಾಹ್ನ ಬಂದು ನೋಡಿದ. ಸಂಜೆ ಬಂದು ನೋಡಿದ.

ಸೆಪ್ಟೆಂಬರ್ 22

ಧೂಮಕೇತು ಬಾಕಿ ಕೆಲಸಕ್ಕೆ ಬಂದಿದ್ದ. ಸುತ್ತಿ ಬಳಸಿ ಕೇಳಿದೆ, ಹೊಗೆ ಹಿಂದಿನ ಸಾಲಿಗೂ ಹೋಗುತ್ತಾ ಎಂದು.

"ಹೊಗೆ ಏನು ಟಿಕೆಟ್ ತಗೊಂಡು ಬರುತ್ತಾ ಅಕ್ಕ, ಮುಂದಿನ ಸೀಟಲ್ಲೇ ಕೂರೋಕೆ?" ನಕ್ಕ. ನಾನು ನಗಲಿಲ್ಲವೆಂದು ಅವನೂ ನಿಲ್ಲಿಸಿದ. "ಯಾಕಕ್ಕ... ಹಿಂದೆ ಏನಿತ್ತು?"

ಸೆಪ್ಟೆಂಬರ್ 28

ಇವತ್ತು ಅಣ್ಣನ ಬಾಯಿಂದ ಬಂತು. ಆಫೀಸ್ ಬಾಗಿಲು ಹಾಕಿ, ಮೆಲ್ಲಗೆ.

"ಹಂಚಿಬಿಡೋಣ. ಮಣ್ಣಿಗೆ ಹೋದ ಮೇಲೆ ಮಣ್ಣಿನ ತಪ್ಪು. ಹವಾಮಾನ ಅಂತಾರೆ, ಗೊಬ್ಬರ ಅಂತಾರೆ. ನಮ್ಮವರೆಗೆ ಯಾರು ಬರ್ತಾರೆ?"

"ಒಂದು ಬಯಲಿಡೀ ಮೊಳೀಲಿಲ್ಲ ಅಂದ್ರೆ ಯಾರೂ ಬರಲ್ವಾ?"

"ಹೇಳಿದ್ರೆ ಏನಾಗುತ್ತೆ ಗೊತ್ತಾ ನಿಂಗೆ? ಇಲ್ಲಿಯ ಬೀಜ ಸತ್ತಿದೆ ಅಂತ ಸುದ್ದಿ ಹೊರಟ್ರೆ ಸಂಜೆಯೊಳಗೆ ದೇಶದ ತುಂಬ ಬಿತ್ತನೆ ದರ ಹಾರುತ್ತೆ. ಆಗ ಸೊಸೈಟಿ ಎಲ್ಲಿಂದ ಕೊಳ್ಳುತ್ತೆ?"

ಸುಳ್ಳಲ್ಲ. ಅರ್ಧ ನಿಜ. ಅದೇ ಭಯ — ಖಳನ ಬಾಯಲ್ಲಿ ನಿಜದ ಮಾತು ಬಂದಾಗ ಪ್ರೇಕ್ಷಕ ತಲೆದೂಗಿಬಿಡುತ್ತಾನೆ. ನಾನೂ ಒಂದು ಕ್ಷಣ ತೂಗಿದೆ. ನನ್ನ ಅಣ್ಣ ಖಳನೂ ಅಲ್ಲ.

"ಮೊಳೀದೆ ಇರೋ ಗಡ್ಡೆ ತಿನ್ನೋಕಾಗುತ್ತಲ್ಲ," ಎಂದೆ. "ಬೇರೆ ಔಷಧಿ ಏನೂ ಮುಟ್ಟಿಸಿಲ್ಲ, ಚಿಪ್ಸಿನವರು ತಗೊಳ್ಳೋದೂ ಇದೇ ಹೊಗೆದು. ಈಗ ಮಾರುಕಟ್ಟೇಲಿ ಬಂಗಾರದ ದರ. ಹಡಗು ಬರೋ ಮುಂಚೆ ಮಾರಿ, ಆ ದುಡ್ಡಲ್ಲಿ ಉತ್ತರದವರ ಬಿತ್ತನೆ ತರಿಸಬಹುದು. ಹಡಗು ಬಂದ ಮಾರನೇ ದಿನ ಇದು ಯಾವುದಕ್ಕೂ ಬರಲ್ಲ."

"ಆಮೇಲೆ? ಬಿತ್ತನೆಗೆ ಹೊಗೆ ಹಾಕಿದ ಸ್ಟೋರೇಜ್ ಅಂತ ಹೆಸರು ಬಿದ್ದ ಮೇಲೆ ಒಂದು ಚೀಲ ಯಾರು ತಂದಿಡ್ತಾರೆ ಇಲ್ಲಿ?"

ಅಲ್ಲಿಗೆ ಬಂತು. ಅಪ್ಪ ತನ್ನ ನಾಟಕಶಾಲೆಯ ಗೋಡೆಗೆ ಥರ್ಮಕೋಲ್ ಬಡಿಸಿ ಮಾಡಿದ ಸ್ಟೋರೇಜ್ ಇದು. ಮೂರನೇ ಕೋಣೆ ಇರುವುದು ಹಳೆಯ ರಂಗದ ಮೇಲೆಯೇ. ಅಲ್ಲಿ ಒಮ್ಮೆ ಜನ ಬರುವುದು ನಿಂತು, ಅಪ್ಪನ ಎದುರಿಗೇ ಕುರ್ಚಿಗಳು ಖಾಲಿಯಾದವು. ಅದನ್ನು ಅಣ್ಣ ಇನ್ನೂ ಮರೆತಿಲ್ಲ.

"ನೀನು ಹೇಳೋದಿಲ್ಲ," ಎಂದ. "ಹೊಗೆ ಹಾಕಿಸಿದ್ದು ನೀನು."

"ಹೌದು."

"ನೆನಪಿಟ್ಕೋ."

ಅಕ್ಟೋಬರ್ 1, ಮಧ್ಯಾಹ್ನ

ಊಟಕ್ಕೆ ಕೂತಿದ್ದೆವು. ಅತ್ತಿಗೆ ಬಡಿಸಿ ಮುಗಿಸಿ, ಕಿಟಕಿಯಿಂದ ಆ ಎರಡು ತಟ್ಟೆ ತಂದು ಅಣ್ಣನ ತಟ್ಟೆಯ ಎರಡೂ ಪಕ್ಕ ಇಟ್ಟರು. ಒಂದರಲ್ಲಿ ಮೊಳಕೆಗಳು ಹೆಬ್ಬೆರಳಿನಂತೆ ಎದ್ದು ನಿಂತಿದ್ದವು. ಇನ್ನೊಂದರಲ್ಲಿ ಗಡ್ಡೆಗಳು ತಂದ ದಿನ ಹೇಗಿದ್ದವೋ ಹಾಗೇ — ನುಣ್ಣಗೆ, ಚೆಂದಗೆ.

"ಹಿತ್ತಲಲ್ಲಿ ಮಡಿ ಮಾಡಿಟ್ಟಿದ್ದೀನಿ ರೀ. ಯಾವುದು ನೆಡ್ಲಿ?"

"ಇದೇನು ಊಟದ ಹೊತ್ತಲ್ಲಿ."

"ಯಾವುದಾದ್ರೂ ಒಂದೇ ಬೀಜ ತಾನೆ. ಇದನ್ನ ನೆಟ್ಟುಬಿಡ್ಲಾ?" ನನ್ನ ತಟ್ಟೆಯನ್ನು ಅವನ ಕಡೆ ಸರಿಸಿದರು.

"ಬೇಡ."

"ಯಾಕೆ ಬೇಡ?"

ಅಣ್ಣ ಅನ್ನ ಕಲಸುತ್ತಲೇ ಇದ್ದ.

"ನಮ್ಮ ಹಿತ್ತಲಿಗೇ ಬೇಡದ್ದನ್ನ ಅವರ ಹೊಲಕ್ಕೆ ಕಳಿಸ್ತೀರಾ?" ಅತ್ತಿಗೆ ದನಿ ಏರಿಸಲಿಲ್ಲ. ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಎಲ್ಲ ಗೊತ್ತಿತ್ತು ಅವರಿಗೆ, ಮೊದಲ ಮೊಳಕೆಯ ದಿನದಿಂದಲೇ.

ಅಣ್ಣ ಕೈ ತೊಳೆದು ಎದ್ದ. ಅನ್ನ ಹಾಗೇ ಉಳಿಯಿತು.

ಅಕ್ಟೋಬರ್ 2, ಬೆಳಿಗ್ಗೆ

ಕೀಲಿ ಗೊಂಚಲು ಮೊಳೆಯಲ್ಲಿಲ್ಲ. ಓಡಿದೆ.

ಮೂರನೇ ಕೋಣೆಯ ಬಾಗಿಲು ತೆರೆದಿತ್ತು. ಹಿಂದಿನ ಸಾಲಿನಲ್ಲಿ, ಕೆಂಪು ದಾರದ ಚೀಲಗಳ ನಡುವೆ, ಅಣ್ಣ. ಸ್ವೆಟರ್ ಇಲ್ಲ. ಚೀಲ ಬಿಚ್ಚುವುದು, ಗಡ್ಡೆ ತೆಗೆಯುವುದು, ಟಾರ್ಚ್ ಹಿಡಿಯುವುದು, ಎಸೆಯುವುದು. ಮತ್ತೊಂದು ಚೀಲ. ಕಾಲ ಸುತ್ತ ಗಡ್ಡೆ ಹರಡಿ ಹೋಗಿತ್ತು.

"ಎಲ್ಲೋ ಒಂದು ಚೀಲ ತಪ್ಪಿಸ್ಕೊಂಡಿರುತ್ತೆ ಕಣೇ. ಒಂದಾದ್ರೂ."

"ಬಾ ಅಣ್ಣ. ಚಳಿ."

"ನಾನು ಒಂದು ಗೀಟು ಎಳೆದಿದ್ರೆ ಸಾಕಿತ್ತು. ಬಾಗಿಲ ಮೇಲೆ."

"ನಾನು ಒಂದು ಸಲ ಒಳಗೆ ಬಂದಿದ್ರೆ ಸಾಕಿತ್ತು."

ಟಾರ್ಚ್ ಆರಿಸಿದ. ಕತ್ತಲಲ್ಲಿ ಫ್ಯಾನಿನ ಸದ್ದು.

"ಅಧ್ಯಕ್ಷಮ್ಮನ್ನ ಕರಿ," ಎಂದ.

ಅದೇ ದಿನ, ಮಧ್ಯಾಹ್ನ

ಅಣ್ಣನೇ ಹೇಳಿದ. ಸೀಮೆಸುಣ್ಣದಿಂದ ಕಿಟಕಿಯ ತಟ್ಟೆಯವರೆಗೆ. ನನ್ನ ಪಾಲಿನದನ್ನು ನಾನು ಹೇಳಿದೆ. ಅಧ್ಯಕ್ಷಮ್ಮ ಒಂದು ಗಡ್ಡೆ ಎತ್ತಿಕೊಂಡು ಅದರ ಕಣ್ಣಿಗೆ ಉಗುರು ಒತ್ತಿದರು. ಒತ್ತಿಯೇ ಕೂತರು.

"ಆವತ್ತು ಬಂದಾಗ ಗೊತ್ತಿತ್ತಾ?"

"ಗೊತ್ತಿತ್ತು," ಎಂದೆ.

"ಹೂಂ ಅಂದ್ಯಲ್ಲ."

"ಅಂದೆ."

ಗಡ್ಡೆಯನ್ನು ಮೇಜಿನ ಮೇಲಿಟ್ಟರು. "ಜಗಳ ಆಮೇಲೆ ಮಾಡ್ತೀನಿ. ಚೆನ್ನಾಗೇ ಮಾಡ್ತೀನಿ. ಇವತ್ತು ತಿನ್ನೋ ಗಡ್ಡೆ ದರ ಎಷ್ಟು?"

ಅಣ್ಣ ಹೇಳಿದ.

"ಲಾರಿ ಇದೆಯಾ?"

"ಕರೆಸ್ತೀನಿ. ಬಾಡಿಗೆ ನಂದು. ಕಮ್ಮಿ ಬಿದ್ದಿದ್ದೂ ನಂದು."

"ಅದನ್ನ ಕೇಳೋಕೆ ಮುಂಚೆ ಹೇಳಿದ್ಯಲ್ಲ, ಅಷ್ಟು ಒಳ್ಳೇದಾಯ್ತು ನಿಂಗೆ. ಎಷ್ಟು ಜನಕ್ಕೆ ಗೊತ್ತು ಇದು?"

"ನಾವು, ಅತ್ತಿಗೆ, ಮತ್ತೆ ಧೂಮಕೇತು ಊಹೆ ಮಾಡಿದ್ದಾನೆ," ಎಂದೆ.

"ಅವನ ಬಾಯಿ?"

"ಸಂಜೆವರೆಗೆ ತಡೆಯಬಹುದು."

"ನನ್ನ ಜನಕ್ಕೆ ಸಂಜೆ ನಾನೇ ಹೇಳ್ತೀನಿ. ಅದಕ್ಕೆ ಮುಂಚೆ ಉತ್ತರದವರ ಮಾತು ಕಟ್ಟಬೇಕು." ಫೋನ್ ನನ್ನ ಕಡೆ ತಳ್ಳಿದರು. "ನಾನು ಮಾತಾಡಿದ್ರೆ ಅವರಿಗೆ ವಾಸನೆ ಹೊಡೆಯುತ್ತೆ. ಬೇಡ ಅಂದವಳು ಯಾಕೆ ಬಂದ್ಲು ಅಂತ. ನೀನು ಮಾತಾಡು. ಆದ್ರೆ ಇವತ್ತು ನಾಟಕದ ಗಂಟಲು ಬೇಡ. ಬಿಡುವಾಗಿದ್ದೆ, ಸುಮ್ನೆ ಕೇಳೋಣ ಅಂತ ಮಾಡಿದೆ — ಹಂಗಿರಬೇಕು. ಅವಸರ ಗೊತ್ತಾಯ್ತೋ, ಮುಗೀತು."

ಅದೇ ದಿನ, ನಾಲ್ಕು ಗಂಟೆ

ಲೈನ್ ಬ್ಯುಸಿ. ಮತ್ತೆ ಮಾಡಿದೆ. ಬ್ಯುಸಿ.

ಹೊರಗೆ ಪ್ಲಾಟ್‌ಫಾರ್ಮಿನಲ್ಲಿ ಲಾರಿ ಹಿಂದಕ್ಕೆ ಬರುತ್ತಿದೆ. ಅಣ್ಣ ಮೆಟ್ಟಿಲ ಮೇಲೆ ಕೂತು ಚೀಲದ ಬಾಯಿಯ ಕೆಂಪು ದಾರ ಕತ್ತರಿಸುತ್ತಿದ್ದಾನೆ. ಅತ್ತಿಗೆ ದಬ್ಬಳದಲ್ಲಿ ಬಿಳಿ ದಾರ ಹೊಲಿಯುತ್ತಿದ್ದಾರೆ, ಹಮಾಲಿಗಳ ಹೆಂಗಸರ ಜೊತೆ ಕೂತು. ಒಂದು ಚೀಲವೂ ತಪ್ಪಿ ಯಾರ ಹೊಲಕ್ಕೂ ಹೋಗಬಾರದು ಎಂದು ಅಣ್ಣನೇ ಹೇಳಿದ್ದು. ಕತ್ತರಿಸಿದ ದಾರ ಅವನ ಕಾಲ ಹತ್ತಿರ ಕೆಂಪಗೆ ಗುಡ್ಡೆ ಬಿದ್ದಿದೆ. ತಲೆ ಎತ್ತುವುದಿಲ್ಲ.

ಅಧ್ಯಕ್ಷಮ್ಮ ಎದುರಿಗೆ. ರೆಪ್ಪೆ ಬಡಿಯುತ್ತಿಲ್ಲ.

ರಿಂಗ್ ಆಯಿತು. ಎತ್ತಿದರು. ಬಿಡುವಾಗಿದ್ದೆ, ಸುಮ್ನೆ ಕೇಳೋಣ ಅಂತ ಮಾಡಿದೆ, ಎಂದೆ. ಇಷ್ಟು ಮೆಲ್ಲಗೆ ಜನ್ಮದಲ್ಲಿ ಮಾತಾಡಿರಲಿಲ್ಲ. ಬಿತ್ತನೆ ಇನ್ನೂ ಇದೆಯಂತೆ. ದರ ಕೇಳಿ ಹೇಳುತ್ತೇನೆ, ಲೈನಲ್ಲೇ ಇರಿ, ಎಂದರು. ಫೋನಿನಲ್ಲಿ ಏನೋ ಸಂಗೀತ ಹಾಕಿದ್ದಾರೆ. ಉಸಿರು ಕೇಳಿಸದಿರಲಿ ಎಂದು ಫೋನನ್ನು ಸ್ವಲ್ಪ ದೂರ ಹಿಡಿದು, ಇನ್ನೊಂದು ಕೈಯಲ್ಲಿ ಇದನ್ನು ಬರೆಯುತ್ತಿದ್ದೇನೆ.

ಗೇಟಿನ ಹತ್ತಿರ ಧೂಮಕೇತು ಯಾರ ಜೊತೆಯೋ ಮಾತಾಡುತ್ತಿದ್ದಾನೆ.

ಸಂಗೀತ ನಿಂತಿತು. ಕಾಗದ ಮಗುಚುವ ಸದ್ದು. ಹೇಳುತ್ತಿದ್ದಾರೆ, ಚೀಲಕ್ಕೆ —