ಕುಡುಕರ ಹೆಂಡಂದಿರ ಸಂಘ

ಹೆಂಡದಂಗಡಿಯ ಭಾವನವರಿಗೆ,

ನಿಮ್ಮ ಕ್ಷೇಮ ಕೇಳಲು ಬರೆಯುತ್ತಿಲ್ಲ.

ನಿಮ್ಮ ಅಂಗಡಿ ಮುಚ್ಚಬೇಕೆಂದು ಧರಣಿ ಕೂತ ನಮ್ಮನ್ನು ಹೋದ ವಾರ ಗಿರಾಕಿಗಳ ಮುಂದೆ "ಕುಡುಕರ ಹೆಂಡಂದಿರ ಸಂಘ" ಎಂದು ಆಡಿಕೊಂಡು ನಕ್ಕಿರಿ. ನಮಗೂ ಒಂದು ಹೆಸರು ಬೇಕಾಗಿತ್ತು. ಅದನ್ನೇ ಬೋರ್ಡಿಗೆ ಬರೆಸಿ, ನಿಮ್ಮ ಬಾಗಿಲಿಗೆ ಸರಿಯಾಗಿ ಎದುರಿರುವ ನನ್ನ ಹೊಲಿಗೆ ಅಂಗಡಿಗೆ ನೇತುಹಾಕಿದ್ದೇವೆ. ಈಗ ನಿಮ್ಮ ಮೆಟ್ಟಿಲು ಹತ್ತಲು ಬಂದವನು ಅದನ್ನು ಓದುತ್ತಾನೆ, ಕೆಳಗೆ ಕೂತ ತನ್ನ ಹೆಂಡತಿಯನ್ನು ನೋಡುತ್ತಾನೆ, ಚಪ್ಪಲಿ ಕಿತ್ತುಹೋದವನಂತೆ ಬಗ್ಗಿ ಹಾಗೆಯೇ ಜಾರಿಕೊಳ್ಳುತ್ತಾನೆ.

ಸಂಘಕ್ಕೆ ಇರುವುದು ಒಂದೇ ನಿಯಮ. ಗಂಡ ಕುಡಿಯುವವನಾಗಿರಬೇಕು. ಹಾಗಾಗಿ ನಿನ್ನೆ ನಿಮ್ಮ ಹೆಂಡತಿ, ನನ್ನ ಅಕ್ಕ, ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದಾಗ ನಾನೇ ತಡೆದೆ.

"ಅಕ್ಕಾ, ಭಾವ ಒಂದು ಹನೀನೂ ಮುಟ್ಟಲ್ಲ. ನಿನ್ನ ಹೇಗೆ ಸೇರಿಸ್ಕೊಳ್ಳೋದು?"

"ಮೂವತ್ತು ವರ್ಷದಿಂದ ನನ್ನ ರಕ್ತ ಕುಡೀತಿದ್ದಾರಲ್ಲೇ, ಅದು ನಡೆಯಲ್ವಾ?" ಎಂದಳು.

ಯಾರೂ ನಗಲಿಲ್ಲ. ನಿಮ್ಮಲ್ಲಿ ಗ್ಲಾಸು ತೊಳೆಯುವವನ ಹೆಂಡತಿಯೇ ಮೊದಲು ಸರಿದು ಜಾಗ ಕೊಟ್ಟಳು.

ಅಕ್ಕ ಇನ್ನು ನನ್ನ ಮನೆಯಲ್ಲೇ ಇರುತ್ತಾಳೆ. ಕರೆದೊಯ್ಯಲು ಬರುವುದಾದರೆ ಬನ್ನಿ. ಆದರೆ ಆ ಬೋರ್ಡಿನ ಕೆಳಗೆ ನಿಂತು, ಅಷ್ಟು ಹೆಂಗಸರ ಮುಂದೆ, "ನನ್ನ ಹೆಂಡತಿ ಎಲ್ಲಿ?" ಎಂದು ನೀವೇ ಬಾಯಿಬಿಟ್ಟು ಕೇಳಬೇಕಾಗುತ್ತದೆ.

ಅವಳ ಕನ್ನಡಕ ನಿಮ್ಮ ಅಡುಗೆಮನೆಯ ಕಿಟಕಿಯಲ್ಲಿ ಉಳಿದಿದೆಯಂತೆ. ದಯವಿಟ್ಟು ಇವತ್ತೇ ಕಳಿಸಿ. ನಿಮ್ಮ ಅಂಗಡಿಗೆ ಯಾರು ನುಗ್ಗುತ್ತಾರೆಂದು ನೋಡುತ್ತಾ ಕಾಯುವ ಪಾಳಿ ನಾಳೆ ಅವಳದು.

ಸಂಘದ ಪರವಾಗಿ,
ನಿಮ್ಮ ನಾದಿನಿ