ಅತ್ತಿಗೆಯ ಎಡಗಾಲಿನ ಬೂಟು

ಹ್ಯಾರೋದ ಅತ್ತಿಗೆಗೆ ಉತ್ತರ ಧ್ರುವದ ಹತ್ತಿರದ ಸ್ವಾಲ್‌ಬಾರ್ಡಿನಿಂದ ನಮಸ್ಕಾರ.

ಇಲ್ಲಿ ಈ ತಿಂಗಳು ಸೂರ್ಯನೇ ಹುಟ್ಟುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಆಕಾಶದಲ್ಲಿ ಹಸಿರು ಬೆಳಕು, ಕಾವಲಿಗೆ ಹೊಯ್ದ ನೀರುದೋಸೆ ಹಿಟ್ಟಿನ ಹಾಗೆ ಹರಡಿತು!

ಈ ಊರಿನಲ್ಲಿ ಹೋಟೆಲಿನೊಳಗೂ ಬೂಟು ಕಳಚಬೇಕು. ಬಾಗಿಲ ಒಳಗೆ ಅದಕ್ಕೆಂದೇ ಜಾಗವಿದೆ. ನಾನು ದೇವಸ್ಥಾನದ ಅಭ್ಯಾಸದಲ್ಲಿ, ನೀವು ಕೊಟ್ಟ ಹೊಸ ಬೂಟನ್ನು ಹೊರಗೆ ಮೆಟ್ಟಿಲ ಮೇಲೆ ಬಿಟ್ಟೆ. ತಿರುಗಿ ನೋಡುವಷ್ಟರಲ್ಲಿ ಬಿಳಿ ನರಿಯೊಂದು ಎಡಗಾಲಿನದನ್ನು ಕಚ್ಚಿಕೊಂಡು ಓಡುತ್ತಿತ್ತು.

“ನರಿ ನೋಡ್ಲಿಕ್ಕೇ ಅಲ್ವಾ ನೀನು ಬಂದದ್ದು?” ಎಂದು ನನ್ನ ಗಂಡನೆನಿಸಿದ ನಿಮ್ಮ ತಮ್ಮನಿಗೆ ನಗು.

ಶೀತ, ಜ್ವರ ಏನಿಲ್ಲ. ಹೋಟೆಲಿನವರು ಹಳೆಯ ಬೂಟು ಕೊಟ್ಟಿದ್ದಾರೆ. ನಿಮ್ಮ ಬಲಗಾಲಿನದನ್ನು ಜೋಪಾನವಾಗಿ ತರುತ್ತೇನೆ, ಬೈಯಬೇಡಿ. ನರಿಯ ಮುಖ ನೋಡಿದರೆ ಅದೃಷ್ಟ ಎನ್ನುತ್ತಾರಲ್ಲ, ನನಗೆ ಕಂಡದ್ದು ಬಾಲ ಮಾತ್ರ.

ವಾರಿಜಾ