ಓಡಿಸುತ್ತಿದ್ದವರು ಯಾರು?

ಮಾರ್ಚ್ 4, ಸಂಜೆ

ಆಸ್ಪತ್ರೆಯಲ್ಲಿ ನನ್ನ ಔಷಧಿ ಕೌಂಟರ್ ಮುಂದೆ ಇಂದೂ ಉದ್ದ ಸಾಲು. ಊಟ ಮಾಡಿದಾಗ ಮೂರು ಗಂಟೆ. ನಡುವೆ ಇನ್ಶೂರೆನ್ಸ್‌ನವರಿಗೆ ನಾಲ್ಕು ಸಲ ಫೋನ್. "ಪರಿಶೀಲನೆಯಲ್ಲಿದೆ ಮೇಡಂ." ಅದೇ ರಾಗ. ಕಾರು ಮೂತಿ ಜಜ್ಜಿಕೊಂಡು ಗ್ಯಾರೇಜಿನಲ್ಲಿದೆ. ಆಸ್ಪತ್ರೆ ಗೇಟಿನಲ್ಲಿ ಕಾರು ನಿಲ್ಲಿಸಿಕೊಂಡು ಸುಮ್ಮನೆ ಕೂತಿದ್ದೆ, ಸಿಲಿಂಡರ್ ಲಾರಿ ರಿವರ್ಸ್‌ನಲ್ಲಿ ಬಂದು ಗುದ್ದಿತು. ತಪ್ಪು ಅವನದು, ತಲೆನೋವು ನಮಗೆ.

ಮಾರ್ಚ್ 5

ಪತ್ರ ಬಂತು. ಕ್ಲೇಮ್ ತಿರಸ್ಕೃತ. ಕಾರಣ: ಚಾಲಕರ ಲೈಸೆನ್ಸ್ ಅವಧಿ ಮುಗಿದಿದೆ. ನನ್ನದು ಇನ್ನೂ ಎಷ್ಟೋ ವರ್ಷ ಇದೆಯಲ್ಲ! ಮತ್ತೆ ಓದಿದೆ. ಚಾಲಕರು ಎಂದಿರುವಲ್ಲಿ ಇವರ ಹೆಸರು.

ಇವರು ಪೇಪರ್ ಹಿಡಿದು ಕೂತಿದ್ದರು.

"ಯಾರು ಓಡಿಸ್ತಿದ್ರು ಅಂತ ಅವತ್ತು ಫೋನಲ್ಲಿ ಕೇಳಿದ್ರು. ನಾನೇ ಅಂದೆ."

"ಯಾಕ್ರೀ?"

"ಬಾಯಿಗೆ ಬಂತು."

ಸಿಟ್ಟು ನೆತ್ತಿಗೇರಿತು.

ಮಾರ್ಚ್ 6

ಇವರ ಕಣ್ಣು ಮಂಜಾಗಿ ಎರಡು ವರ್ಷ. ಆಪರೇಷನ್‌ಗೆ ಬಗ್ಗುವ ಮಂಜಲ್ಲ. ಅಂದಿನಿಂದ ಕೀ ನನ್ನ ಕೈಯಲ್ಲಿ. ನೆಂಟರಿಷ್ಟರಲ್ಲಿ ಯಾರಿಗೂ ಗೊತ್ತಿಲ್ಲ. ನಾದಿನಿ ಮನೆಗೆ ಹೋದರೆ ಹಿಂದಿನ ಬೀದಿಯಲ್ಲಿ ನಿಲ್ಲಿಸಿ ಸೀಟು ಅದಲು ಬದಲು. ಕೊನೆಯ ನೂರಡಿ ಇವರು, ಪಕ್ಕದಲ್ಲಿ ನಾನು "ಬಲಕ್ಕೆ, ಬಲಕ್ಕೆ" ಎಂದು ಪಿಸುಗುಟ್ಟುತ್ತ... ನಗುತ್ತಲೇ ಸಹಿಸಿದೆ. ತಪ್ಪು ನನ್ನದೂ ಇದೆ.

ಕಂಪನಿಗೆ ನಿಜ ಹೇಳೋಣ ಎಂದೆ.

"ಕಣ್ಣಿನ ವಿಷಯ ಬೇಡ್ವೇ. ಆಮೇಲೆ ಎಲ್ರೂ ಕೈ ಹಿಡ್ಕೊಂಡು ನಡೆಸೋಕೆ ಬರ್ತಾರೆ. ಕಾರು ಹೋದ್ರೆ ಹೋಗ್ಲಿ."

ಕಾರು ಹೋಗಲಿ? ಬೆಳಗಿನ ಐದರ ಪಾಳಿಗೆ ನಾನೇನು ಹಾರಿಕೊಂಡು ಹೋಗಲೇ? ಮೂರು ಸಲ ಫೇಲಾಗಿ, ಐವತ್ನಾಲ್ಕಕ್ಕೆ ಲೈಸೆನ್ಸ್ ಪಡೆದವಳು. ಬಿಡುವ ಮಾತೇ ಇಲ್ಲ.

ಮಾರ್ಚ್ 13

ಒಂದು ವಾರ ಬೆನ್ನು ಹತ್ತಿದ ಮೇಲೆ ಕಂಪನಿಯ ಸರ್ವೇಯರ್ ಕಾರು ನೋಡಲು ಗ್ಯಾರೇಜಿಗೆ ಬಂದ.

"ಕ್ಲೇಮ್ ಹೋದ್ಮೇಲೆ ಡ್ರೈವರ್ ಬದಲಾಯಿಸ್ತಿದೀರಾ ಮೇಡಂ?"

ಬಾಗಿಲು ತೆರೆದು ತೋರಿಸಿದೆ. ಸೀಟು ಸ್ಟೀರಿಂಗಿಗೆ ಅಂಟಿಕೊಂಡಿದೆ. ಮೇಲೆ ನನ್ನ ದಿಂಬು.

"ನಮ್ಮ ಯಜಮಾನ್ರು ಆರಡಿ. ಮಂಡಿ ಎಲ್ಲಿಡ್ತಾರೆ, ಕಿಟಕಿ ಆಚೆನಾ?"

ಮೆಕ್ಯಾನಿಕ್ ಕಿಸಕ್ಕನೆ ನಕ್ಕ. ಸರ್ವೇಯರ್ ನಗಲಿಲ್ಲ. "ಫೋನಲ್ಲಿ ಹೇಳಿದ್ದು ರೆಕಾರ್ಡ್ ಆಗಿದೆ. ಯಾಕೆ ಸುಳ್ಳು ಹೇಳಿದ್ರು ಅಂತ ಅವರೇ ಬಂದು ಬರ್ಕೊಡ್ಬೇಕು."

ಹೆದರಲಿ ಎಂದೋ ಏನೋ, ಸಣ್ಣಕ್ಷರದ ಷರತ್ತುಗಳ ಹಾಳೆ ಕೈಗಿಟ್ಟ. ಇಪ್ಪತ್ತಾರು ವರ್ಷ ಡಾಕ್ಟರುಗಳ ಕೈಬರಹ ಓದಿದವಳಿಗೆ ಇದ್ಯಾವ ಲೆಕ್ಕ! ಅಲ್ಲೇ ನಿಂತು ಪೂರ್ತಿ ಓದಿದೆ. ಅವನಿಗೆ ಊಟದ ಹೊತ್ತು ಮೀರಿತು.

ಮಾರ್ಚ್ 14

"ಬರ್ತೀರೋ ಇಲ್ವೋ?"

ಪೇಪರ್ ಮುಖಕ್ಕೆ ಅಡ್ಡ ಹಿಡಿದರು.

"ನಿಮ್ಮ ಮಾನ ಉಳಿಯೋಕೆ ನಾನು ಕಾರು ಓಡಿಸೇ ಇಲ್ಲ ಅಂತಾಗ್ಬೇಕಾ? ಆಗಲ್ಲ."

ಎದ್ದು ಹೋದರು. ಹೋಗಲಿ. ಈ ಸಲ ಸಮಾಧಾನ ಮಾಡಲು ನಾನು ಹಿಂದೆ ಹೋಗುವುದಿಲ್ಲ.

ಮಾರ್ಚ್ 19

ಬೆಳಿಗ್ಗೆ ಎದ್ದರೆ, ಇಸ್ತ್ರಿ ಶರ್ಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ! ಕಂಪನಿ ಆಫೀಸಿಗೆ ಬಸ್ಸಿನಲ್ಲಿ ಹೋದೆವು. ಅಲ್ಲಿನ ಆಫೀಸರ್ ಹಾಳೆ ಮುಂದಿಟ್ಟ. "ಓದಿ ಸಹಿ ಮಾಡಿ ಸಾರ್."

ಇವರು ಹಾಳೆ ಹಿಡಿದುಕೊಂಡೇ ಇದ್ದರು. ಓದಿ ಹೇಳಲು ಬಾಯಿ ತೆರೆದೆ. ಮುಚ್ಚಿಕೊಂಡೆ.

"ನನಗೆ ಕಾಣಲ್ಲ," ಅಂದರು. ಇಡೀ ಆಫೀಸಿಗೆ ಕೇಳುವ ಹಾಗೆ. "ಎರಡು ವರ್ಷದಿಂದ ಕಾರು ಓಡಿಸೋದು ಇವಳೇ. ಹೇಳೋಕೆ ನಾಚಿಕೆಯಾಗಿ ಸುಳ್ಳು ಹೇಳ್ದೆ. ಬರ್ಕೊಳ್ಳಿ."

ಅಳು ಬಂತು. ಆ ಆಫೀಸರ್ ಮುಂದೆ ಅಳುವುದೇ? ಅಳಲಿಲ್ಲ.

"ಮೇಲಿನವರು ನೋಡ್ಬೇಕು," ಎಂದ ಅವನು.

"ನೋಡ್ಲಿ. ಅವ್ರಿಗಾದ್ರೂ ಕಾಣುತ್ತಲ್ಲ," ಅಂದರು ಇವರು.

ಮಾರ್ಚ್ 28, ಬೆಳಿಗ್ಗೆ 10

ಇಂದು ರಜೆ. ಬರೆಯಲು ಕೂತಾಗಲೇ ಫೋನ್. ಇವರೇ ಎತ್ತಿದರು. ಕಂಪನಿಯದು.

"ಹೌದು, ಓನರ್ ನಾನೇ. ಆದ್ರೆ ಅವತ್ತಿನ ವಿಷಯ ಡ್ರೈವರ್ ಹತ್ರ ಮಾತಾಡಿ. ಇಲ್ಲೇ ಇದಾರೆ."

ಡ್ರೈವರ್! ಇದಾರೆ! ಮದುವೆಯಾದಾಗಿನಿಂದ ನನಗೆ ಬಹುವಚನ ಇದೇ ಮೊದಲು. ಫೋನ್ ಚಾಚಿ ನಿಂತಿದ್ದಾರೆ, "ತಗೋಳೇ" ಎನ್ನುತ್ತ. ತಗೋತೀನಿ. ಇಷ್ಟು ದಿನ ನಮ್ಮನ್ನು ಕಾಯಿಸಿದವರು ಈ ಒಂದು ಸಾಲು ಮುಗಿಯುವವರೆಗೆ—